ಬುದ್ಧಿ ಅಳೆಯುವ ಕೊಳಗ

ನಮ್ಮ ತಾತ ಜೀತಕ್ಕಿದ್ದ ಮನೆಯಲ್ಲಿ ಎರಡು ಕೊಳಗ ಇದ್ದವಂತೆ. ಸಾಲಕ್ಕೆ ರಾಗಿ ಅಳೆದು ಕೊಡೋದಕ್ಕೆ ಒಂದು, ಸುಗ್ಗಿಯಲ್ಲಿ ಅಳೆಸಿಕೊಂಡು ತುಂಬಿಕೊಳ್ಳೋದಕ್ಕೆ ಇನ್ನೊಂದು. ನೋಡಿದರೆ ಎರಡೂ ಒಂದೇ ಥರ. ತಾತನಿಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಎರಡಕ್ಕೂ ಇರುವ ವ್ಯತ್ಯಾಸ ಮುಕ್ಕಾಲು ಸೇರು ಅಂತ ಅವನಿಗೆ ಗೊತ್ತಿತ್ತು. ಬಾಯಿ ಬಿಡುವ ಹಾಗಿರಲಿಲ್ಲ ಅಷ್ಟೆ. "ಕೊಳಗ ಅವರ್ದು ಕಣ್ ಮಗಾ, ಅವರು ಯೋಳಿದ್ದೇ ಅಳತೆ" ಅನ್ನುತ್ತಿದ್ದ.

ಮನಶ್ಶಾಸ್ತ್ರದ ಚರಿತ್ರೆ ಓದುವಾಗೆಲ್ಲ ನನಗೆ ಈ ಮಾತೇ ನೆನಪಾಗುತ್ತಿತ್ತು. ಬಿ.ಎ.ಯಲ್ಲಿ ನಾನು ತಗೊಂಡಿದ್ದ ವಿಷಯಗಳಲ್ಲಿ ಮನಶ್ಶಾಸ್ತ್ರವೂ ಒಂದು. ನೋಟ್ಸಿನಲ್ಲಿ 'ಬುದ್ಧಿಶಕ್ತಿಯ ಮಾಪನ' ಅಂತ ಎರಡು ಪುಟ ಇತ್ತು. ಬಿನೆ ಹುಟ್ಟುಹಾಕಿದ, ಟರ್ಮನ್ ಬೆಳೆಸಿದ, 90ರಿಂದ 110 ಸಾಮಾನ್ಯರು, 70ರ ಕೆಳಗೆ ಮಂದಮತಿಗಳು. ಉರು ಹೊಡೆದು ಬರೆದೆ, ಪಾಸಾದೆ. ನಮ್ಮ ಹಟ್ಟಿಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು ಅಂತ ಅವ್ವ ಬೀದಿಗೆಲ್ಲ ಬೆಲ್ಲ ಹಂಚಿದಳು. ಆ ಎರಡು ಪುಟದ ಹಿಂದೆ ಏನೇನು ನಡೆದಿದೆ ಅಂತ ಯಾರೂ ಹೇಳಿರಲಿಲ್ಲ. ಆಮೇಲೆ ನಾನೇ ತಡಕಾಡಿ ಓದಿಕೊಂಡೆ. ಓದಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಹಳ್ಳಿಗಳಲ್ಲಿ ಮೇಷ್ಟ್ರುಗಳಾಗಿರುವ ಗೆಳೆಯರು ಮುಖ್ಯವಾಗಿ ಇದನ್ನು ಓದಬೇಕು. ಯಾಕೆಂದರೆ 'ಈ ಹುಡುಗನ ತಲೆಗೆ ಹತ್ತೋದಿಲ್ಲ' ಅನ್ನುವ ತೀರ್ಪು ಹೊರಬೀಳೋದು ಅವರ ಬಾಯಿಂದ.

ಶುರುವಾದದ್ದು ಪ್ಯಾರಿಸ್ಸಿನಲ್ಲಿ. 1880ರ ದಶಕದಲ್ಲಿ ಫ್ರಾನ್ಸಿನಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ಬಂತು. ಅಲ್ಲಿಯವರೆಗೆ ಶಾಲೆಯ ಮೆಟ್ಟಿಲು ಹತ್ತದಿದ್ದ ಕೂಲಿಕಾರರ ಮಕ್ಕಳೂ ಒಳಗೆ ಬಂದು ಕೂತರು. ಬಂದ ಕೂಡಲೇ ಪ್ರಶ್ನೆ ಎದ್ದಿತು: ಇವರಲ್ಲಿ ಕೆಲವರು ಹಿಂದೆ ಬೀಳುತ್ತಾರಲ್ಲ, ಏನು ಮಾಡೋದು? 1904ರಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ಅದರಲ್ಲಿ ಆಲ್‌ಫ್ರೆಡ್ ಬಿನೆ ಇದ್ದ. ಬಿನೆ ಅದಕ್ಕೆ ಮುಂಚೆ ಆ ಕಾಲದ ಎಲ್ಲ ಪಂಡಿತರ ಹಾಗೆ ಶಾಲಾ ಮಕ್ಕಳ ತಲೆಬುರುಡೆ ಅಳೆದಿದ್ದವನು. ದೊಡ್ಡ ತಲೆ ಅಂದರೆ ದೊಡ್ಡ ಬುದ್ಧಿ ಅನ್ನೋದು ಆಗಿನ ನಂಬಿಕೆ. ಅಳೆದು ಅಳೆದು ಅವನಿಗೆ ತಿಳಿದದ್ದು, ಜಾಣ ಮಕ್ಕಳ ತಲೆಗೂ ಉಳಿದವರ ತಲೆಗೂ ಅಂಥ ವ್ಯತ್ಯಾಸವೇ ಇಲ್ಲ ಅಂತ. ಅಷ್ಟೇ ಆಗಿದ್ದರೆ ಅದೊಂದು ಸಾಧಾರಣ ಸಂಗತಿ. ಆದರೆ ಈತ ಇನ್ನೊಂದು ಅನುಮಾನ ಪಟ್ಟ. ಇವನು ಜಾಣ ಅಂತ ಮೊದಲೇ ಗೊತ್ತಿದ್ದರೆ ಅಳೆಯುವ ನನ್ನ ಕೈಯೇ ಗೊತ್ತಿಲ್ಲದೆ ಟೇಪನ್ನು ಸಡಿಲ ಮಾಡುತ್ತಿರಬಹುದೇ ಅಂತ. ತನ್ನ ಕೈಯನ್ನೇ ಅನುಮಾನಿಸುವ ಈ ಗುಣ ಆಮೇಲೆ ಬಂದವರಲ್ಲಿ ನನಗೆ ಹೆಚ್ಚು ಕಾಣಲಿಲ್ಲ.

1905ರಲ್ಲಿ ಬಿನೆ ಮತ್ತು ಥಿಯೋಡೋರ್ ಸಿಮೊನ್ ಸೇರಿ 30 ಪ್ರಶ್ನೆಗಳ ಒಂದು ಪಟ್ಟಿ ತಯಾರು ಮಾಡಿದರು. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. 1908ರಲ್ಲಿ ಅದನ್ನು ವಯಸ್ಸಿನ ಪ್ರಕಾರ ಜೋಡಿಸಿದರು. ಎಂಟು ವರ್ಷದ ಹುಡುಗ ಆರು ವರ್ಷದವರ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟರೆ ಅವನ 'ಮಾನಸಿಕ ವಯಸ್ಸು' ಆರು. ಯಾಕೆ ಈ ಪಟ್ಟಿ? ಯಾವ ಮಗುವಿಗೆ ಹೆಚ್ಚಿನ ಆಸರೆ ಬೇಕು ಅಂತ ಹುಡುಕೋದಕ್ಕೆ. ಹುಡುಕಿ ಆ ಮಕ್ಕಳಿಗೆ ಬೇರೆ ರೀತಿ ಕಲಿಸೋದಕ್ಕೆ. ಬುದ್ಧಿ ಹುಟ್ಟಿನಿಂದಲೇ ಗಟ್ಟಿಯಾಗಿ ಬಂದ ವಸ್ತು, ಅದು ಹೆಚ್ಚೋದಿಲ್ಲ ಅನ್ನುವ ಪಂಡಿತರ ಮೇಲೆ 1909ರ ತನ್ನ ಪುಸ್ತಕದಲ್ಲಿ ಬಿನೆ ಸಿಟ್ಟಾಗಿದ್ದಾನೆ. ಇದು ನಿರಾಶಾವಾದ, ಇದನ್ನು ಎದುರಿಸಬೇಕು ಅಂತ ಬರೆದಿದ್ದಾನೆ. 1911ರಲ್ಲಿ ತೀರಿಕೊಂಡ. ಕೊಳಗ ಬೇರೆಯವರ ಕೈಗೆ ಹೋಯಿತು.

1908ರಲ್ಲೇ ಹೆನ್ರಿ ಗಾಡರ್ಡ್ ಅನ್ನುವವನು ಈ ಪಟ್ಟಿಯನ್ನು ಅಮೆರಿಕಕ್ಕೆ ತಗೊಂಡು ಹೋದ. ನ್ಯೂಜೆರ್ಸಿಯ ವೈನ್‌ಲ್ಯಾಂಡಿನಲ್ಲಿ ಮಂದಬುದ್ಧಿಯ ಮಕ್ಕಳ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಈತನ ಪ್ರಕಾರ ಬುದ್ಧಿ ಅನ್ನೋದು ಅಪ್ಪನಿಂದ ಮಗನಿಗೆ ಇಳಿಯುವ ಆಸ್ತಿ. ಬಡತನ, ಕುಡಿತ, ಕಳ್ಳತನ, ಸೂಳೆಗಾರಿಕೆ ಎಲ್ಲಕ್ಕೂ ಮೂಲ ಮಂದಬುದ್ಧಿ. 1913ರಲ್ಲಿ ತನ್ನ ಸಹಾಯಕಿಯರನ್ನು ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪಕ್ಕೆ ಕಳಿಸಿದ. ಯೂರೋಪಿನಿಂದ ಹಡಗಿನ ತಳದಲ್ಲಿ ಕೂತು ಬಂದ ಬಡ ವಲಸಿಗರು ಅಲ್ಲಿ ಇಳಿಯುತ್ತಿದ್ದರು. ಎಷ್ಟೋ ದಿನದ ಪ್ರಯಾಣ, ನಿದ್ದೆಯಿಲ್ಲ, ಭಾಷೆ ಬರೋದಿಲ್ಲ, ಒಳಗೆ ಬಿಡುತ್ತಾರೋ ವಾಪಸ್ಸು ಅಟ್ಟುತ್ತಾರೋ ಅನ್ನುವ ಭಯ. ಅಂಥವರನ್ನು ಕಣ್ಣಳತೆಯಲ್ಲಿ ಆರಿಸಿ, ದುಭಾಷಿಯನ್ನು ಇಟ್ಟುಕೊಂಡು ಪ್ರಶ್ನೆ ಕೇಳಿದರು. 1917ರಲ್ಲಿ ಫಲಿತಾಂಶ ಅಚ್ಚಾಯಿತು: ಯಹೂದಿಗಳಲ್ಲಿ ನೂರಕ್ಕೆ 83, ಹಂಗೇರಿಯವರಲ್ಲಿ 80, ಇಟಲಿಯವರಲ್ಲಿ 79, ರಷ್ಯಾದವರಲ್ಲಿ 87 ಮಂದಿ ಮಂದಬುದ್ಧಿಯವರು! ಪರೀಕ್ಷೆ ಮಾಡಿದ್ದು ಒಂದೊಂದು ಗುಂಪಿನಲ್ಲಿ ಐವತ್ತು ದಾಟದಷ್ಟು ಜನರನ್ನು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದೇ 1913ರ ಜುಲೈನಲ್ಲಿ ಅದೇ ನ್ಯೂಯಾರ್ಕಿಗೆ ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಹಿಡಿದು 22 ವರ್ಷದ ಒಬ್ಬ ಯುವಕ ಬಂದಿಳಿದ. ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಾಟಿನ ಮೇಲೆ ಬೇರೆ ಕೂತು ಕಲಿತವನು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಓದಿದ. ಆ ಮೂರು ವರ್ಷದಲ್ಲೇ ಅಮೆರಿಕದಲ್ಲಿ ಬುದ್ಧಿಯನ್ನು ಕುಲದ ಪ್ರಕಾರ ಹಂಚುವ ಈ ವ್ಯಾಪಾರ ಚಿಗುರುತ್ತಿತ್ತು. ಇದಾದ ಇಪ್ಪತ್ತು ವರ್ಷದ ಮೇಲೆ, 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಜಾತಿಗೆ ವಂಶಶುದ್ಧಿಯ ವಿಜ್ಞಾನದ ಆಧಾರ ಕೊಡಲು ಹೊರಟವರನ್ನು ನಿಲ್ಲಿಸಿ ಸವಾಲು ಹಾಕುತ್ತಾರೆ. ಆ ಭಾಗವನ್ನು ಓದುವಾಗ ಅವರು ಯಾರನ್ನೆಲ್ಲ ಓದಿಕೊಂಡು ಮಾತಾಡುತ್ತಿದ್ದಾರೆ ಅನ್ನೋದು ಗೊತ್ತಿದ್ದರೆ ಮಾತಿನ ಹರಿತ ಇನ್ನೂ ಚೆನ್ನಾಗಿ ತಾಕುತ್ತದೆ.

1916ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡಿನಲ್ಲಿ ಲೂಯಿ ಟರ್ಮನ್ ಬಿನೆಯ ಪಟ್ಟಿಯನ್ನು ತಿದ್ದಿ ಹೊಸದಾಗಿ ಹೊರತಂದ. ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸು, ಬಂತು ಐ.ಕ್ಯೂ. ಮೆಕ್ಸಿಕನ್ನರು, ಅಮೆರಿಕದ ಮೂಲನಿವಾಸಿಗಳು, ಕಪ್ಪು ಜನ, ಇವರ ಮಕ್ಕಳ ಮಂದತನ ಕುಲದಿಂದಲೇ ಬಂದದ್ದಿರಬೇಕು. ಇವರನ್ನು ಬೇರೆ ತರಗತಿಗಳಲ್ಲಿ ಕೂರಿಸಬೇಕು. ಅಮೂರ್ತ ವಿಚಾರಗಳು ಇವರಿಗೆ ಹತ್ತೋದಿಲ್ಲ, ಆದರೆ ಒಳ್ಳೆಯ ಕೆಲಸಗಾರರನ್ನಾಗಿ ಮಾಡಬಹುದು ಅನ್ನುವ ಅರ್ಥದ ಮಾತು ಆ ಪುಸ್ತಕದಲ್ಲಿದೆ. ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಬಂದು ನಿಂತೆ. ಮನುಸ್ಮೃತಿಯ ವಾಸನೆಯೂ ತಾಕದ ಮನುಷ್ಯ, ಅದೆಲ್ಲಿಂದ ಬಂತು ಈ ವಾಕ್ಯ?

ಅಷ್ಟರಲ್ಲಿ ಯುದ್ಧ ಬಂತು. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ರಾಬರ್ಟ್ ಯರ್ಕಿಸ್ ಅನ್ನುವ ಮನಶ್ಶಾಸ್ತ್ರಜ್ಞ ಸೈನ್ಯಕ್ಕೆ ಸೇರಿದವರಿಗೆಲ್ಲ ಬುದ್ಧಿ ಪರೀಕ್ಷೆ ಮಾಡಿಸಿದ. ಸುಮಾರು ಹದಿನೇಳೂವರೆ ಲಕ್ಷ ಜನಕ್ಕೆ! ಓದು ಬಂದವರಿಗೆ ಆಲ್ಫಾ, ಬಾರದವರಿಗೆ ಚಿತ್ರಗಳ ಬೀಟಾ. ಹುಟ್ಟಿನಿಂದ ಬಂದ ಶುದ್ಧ ಬುದ್ಧಿಯನ್ನು ಅಳೆಯುವ ಪ್ರಶ್ನೆ ಹೇಗಿದ್ದವು ಗೊತ್ತೇ? ಕ್ರಿಸ್ಕೋ ಅಂದರೆ ಏನು: ಔಷಧಿಯೋ, ಕ್ರಿಮಿನಾಶಕವೋ, ಹಲ್ಲುಜ್ಜುವ ಪೇಸ್ಟೋ, ತಿನ್ನುವ ಪದಾರ್ಥವೋ? ಕ್ರಿಸ್ಕೋ ಅಂದರೆ ಅಮೆರಿಕದ ಅಂಗಡಿಗಳಲ್ಲಿ ಸಿಗುತ್ತಿದ್ದ ನಮ್ಮ ಡಾಲ್ಡಾದಂಥ ಕೊಬ್ಬು. ಇನ್ನೊಂದು ಪ್ರಶ್ನೆ, ಕ್ರಿಸ್ಟಿ ಮ್ಯಾಥ್ಯೂಸನ್ ಯಾವುದಕ್ಕೆ ಹೆಸರುವಾಸಿ ಅಂತ. ಅವನೊಬ್ಬ ಬೇಸ್‌ಬಾಲ್ ಆಟಗಾರ. ಓದು ಬಾರದವರ ಚಿತ್ರಪರೀಕ್ಷೆಯಲ್ಲಿ ಟೆನಿಸ್ ಅಂಕಣದ ಚಿತ್ರ, ನಡುವೆ ಬಲೆ ಇಲ್ಲ. ಏನು ಬಿಟ್ಟುಹೋಗಿದೆ ಬರಿ ಅನ್ನೋದು. ಸಿಸಿಲಿಯ ಬೆಟ್ಟದಿಂದ ಬಂದ ಕುರುಬನಿಗೆ, ಮಿಸಿಸಿಪ್ಪಿಯ ಹತ್ತಿ ಹೊಲದ ಕೂಲಿಗೆ ಟೆನಿಸ್ ಬಲೆ! ನಮ್ಮ ಹಟ್ಟಿಯವರನ್ನು ಕೂರಿಸಿ ವೀಣೆಗೆ ತಂತಿ ಎಷ್ಟು ಅಂತ ಕೇಳಿ ಬುದ್ಧಿ ಅಳೆದ ಹಾಗೆ.

ಸರಾಸರಿ ಹಾಕಿದರು. ಬಿಳಿ ಅಮೆರಿಕನ್ನನ ಮಾನಸಿಕ ವಯಸ್ಸು 13, ಇಟಲಿಯವನದು 11, ಪೋಲೆಂಡಿನವನದು 10.7, ಕಪ್ಪು ಮನುಷ್ಯನದು 10.4. 1923ರಲ್ಲಿ ಕಾರ್ಲ್ ಬ್ರಿಗಮ್ ಈ ಅಂಕಿಗಳನ್ನು ಇಟ್ಟುಕೊಂಡು ಒಂದು ಪುಸ್ತಕ ಬರೆದ. ಉತ್ತರ ಯೂರೋಪಿನ ಬಿಳಿಯರದು ಶ್ರೇಷ್ಠ ಬುದ್ಧಿ, ಉಳಿದವರು ಬಂದು ಸೇರಿಕೊಂಡು ಅಮೆರಿಕದ ಬುದ್ಧಿ ಕೆಡುತ್ತಿದೆ ಅಂದ. 1924ರಲ್ಲಿ ದಕ್ಷಿಣ ಮತ್ತು ಪೂರ್ವ ಯೂರೋಪಿನವರಿಗೆ ಬಾಗಿಲು ಬಹುಮಟ್ಟಿಗೆ ಮುಚ್ಚುವ ವಲಸೆ ಕಾನೂನು ಬಂತು. ಕಾನೂನಿಗೆ ಪರೀಕ್ಷೆಯೊಂದೇ ಕಾರಣ ಅಂದರೆ ತಪ್ಪಾಗುತ್ತದೆ. ವಲಸಿಗರ ಮೇಲಿನ ದ್ವೇಷ ಮೊದಲೇ ಇತ್ತು, ಅದಕ್ಕೆ ಅಂಕಿಸಂಖ್ಯೆಯ ಅಂಗಿ ತೊಡಿಸಿದ್ದು ವಿಜ್ಞಾನಿಗಳು. 1927ರಲ್ಲಿ ಕ್ಯಾರಿ ಬಕ್ ಅನ್ನುವ ಬಡ ಹೆಣ್ಣುಮಗಳ ಕೇಸಿನಲ್ಲಿ, ಮಂದಬುದ್ಧಿಯವರಿಗೆ ಬಲವಂತದ ಸಂತಾನಹರಣ ಮಾಡಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅಮ್ಮ ಮಂದ, ಮಗಳು ಮಂದ, ಮೊಮ್ಮಗಳೂ ಮಂದ, ಸಾಕು ಅನ್ನುವ ಧಾಟಿಯ ತೀರ್ಪು. ಆ ಮೊಮ್ಮಗಳು ವಿವಿಯನ್ ಎಂಟು ವರ್ಷಕ್ಕೇ ತೀರಿಕೊಂಡಳು. ಬದುಕಿದ್ದಷ್ಟು ಕಾಲ ಶಾಲೆಗೆ ಹೋಗಿದ್ದಳು. ಒಂದು ಸಲ ಆ ಶಾಲೆಯ ಜಾಣ ಮಕ್ಕಳ ಪಟ್ಟಿಯಲ್ಲಿ ಅವಳ ಹೆಸರಿತ್ತು. ಆ ದೇಶದಲ್ಲಿ ಈ ರೀತಿ ಸಂತಾನಹರಣ ಮಾಡಿಸಿಕೊಂಡವರ ಸಂಖ್ಯೆ ಕೊನೆಗೆ 60 ಸಾವಿರ ದಾಟಿತು.

ಇದಕ್ಕೆಲ್ಲ ಎದುರು ಮಾತಾಡಿದವರು ಇರಲಿಲ್ಲವೇ? ಇದ್ದರು. ನನಗೆ ಬಹಳ ಹಿಡಿಸಿದವನು ಹೊರೇಸ್ ಮ್ಯಾನ್ ಬಾಂಡ್. ಅವನ ಅಜ್ಜಿ ಗುಲಾಮಳಾಗಿದ್ದವಳು. 1924ರಲ್ಲಿ, ಅವನಿಗೆ ಇನ್ನೂ ಇಪ್ಪತ್ತರ ಆಸುಪಾಸು, ಡಬ್ಲ್ಯು.ಇ.ಬಿ. ಡು ಬಾಯ್ಸ್ ನಡೆಸುತ್ತಿದ್ದ 'ದ ಕ್ರೈಸಿಸ್' ಪತ್ರಿಕೆಯಲ್ಲಿ ಬುದ್ಧಿ ಪರೀಕ್ಷೆಗಳ ಮೇಲೆ ಒಂದು ಲೇಖನ ಬರೆದ. ಕೂಗಾಡಲಿಲ್ಲ. ಸೈನ್ಯದವರು ಅಚ್ಚು ಹಾಕಿದ್ದ ಅಂಕಿಗಳನ್ನೇ ಎತ್ತಿಕೊಂಡ. ಒಂದೊಂದು ರಾಜ್ಯದ ಬಿಳಿಯ ಸೈನಿಕರ ಅಂಕವನ್ನೂ ಆ ರಾಜ್ಯದ ಶಾಲೆಗಳ ಮಟ್ಟವನ್ನೂ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದ. ಶಾಲೆ ಚೆನ್ನಾಗಿದ್ದ ರಾಜ್ಯದಲ್ಲಿ ಅಂಕ ಮೇಲೆ, ಶಾಲೆ ಕೆಟ್ಟಿದ್ದ ಕಡೆ ಅಂಕ ಕೆಳಗೆ. ಬುದ್ಧಿ ಕುಲದಿಂದ ಬಂದರೆ ಒಂದೇ ಕುಲದ ಬಿಳಿಯರಲ್ಲಿ ಯಾಕಪ್ಪ ಈ ಏರಿಳಿತ? ಆ ದಾಖಲೆಯಲ್ಲಿ ಇನ್ನೂ ಒಂದು ಸಂಗತಿ ಕೂತಿತ್ತು: ಉತ್ತರದ ಕೆಲವು ರಾಜ್ಯಗಳ ಕಪ್ಪು ಸೈನಿಕರ ಅಂಕ ದಕ್ಷಿಣದ ಕೆಲವು ರಾಜ್ಯಗಳ ಬಿಳಿ ಸೈನಿಕರ ಅಂಕಕ್ಕಿಂತ ಮೇಲಿತ್ತು. ಆರು ವರ್ಷದ ಮೇಲೆ, 1930ರಲ್ಲಿ, ಬ್ರಿಗಮ್ ತನ್ನ ಪುಸ್ತಕಕ್ಕೆ ಬುಡವೇ ಇಲ್ಲ ಅಂತ ತಾನೇ ಬರೆದು ಒಪ್ಪಿಕೊಂಡ. ಕಾನೂನು ಮಾತ್ರ ಹಾಗೇ ಇತ್ತು. ಬಾಂಡ್‌ನ ಲೇಖನ ಬಂದದ್ದು ಯಾವ ವಿಜ್ಞಾನದ ಪತ್ರಿಕೆಯಲ್ಲೂ ಅಲ್ಲ, ಚಳವಳಿಯ ಪತ್ರಿಕೆಯಲ್ಲಿ. ನಾವು ಈ ಪುಟಗಳಲ್ಲಿ ಬರೆಯುವವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಇನ್ನು ನಮ್ಮ ಕಡೆಗೆ ಬರೋಣ. ಯರ್ಕಿಸ್ ಸೈನಿಕರ ಬುದ್ಧಿ ಅಳೆಯುತ್ತಿದ್ದ 1918ರಲ್ಲೇ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಸರ್ಕಾರಿ ಕೆಲಸಗಳಲ್ಲಿ ಒಂದೇ ಜಾತಿ ತುಂಬಿಕೊಂಡಿದೆ, ಉಳಿದವರಿಗೂ ಜಾಗ ಬೇಕು ಅನ್ನೋದು ಪ್ರಶ್ನೆ. ದಕ್ಷತೆ ಕೆಡುತ್ತದೆ ಅನ್ನುವ ಕೂಗು ಅವತ್ತೇ ಎದ್ದಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ಕ್ರಮ ಒಪ್ಪಿಗೆಯಾಗಲಿಲ್ಲ, ಆ ವರ್ಷವೇ ದಿವಾನಗಿರಿ ಬಿಟ್ಟರು. ಸಮಿತಿ 1919ರಲ್ಲಿ ವರದಿ ಕೊಟ್ಟಿತು. ದಕ್ಷತೆಯನ್ನು ಬರೀ ಪರೀಕ್ಷೆಯ ಅರ್ಹತೆಯಿಂದಲೇ ಅಳೆಯಲಾಗದು ಅನ್ನೋದು ಅದರ ನಿಲುವು. ಒಂದೇ ವರ್ಷ, ಒಂದು ದೇಶದಲ್ಲಿ ಕೊಳಗ ಕೆತ್ತುತ್ತಿದ್ದರು, ಇನ್ನೊಂದು ಕಡೆ ಕೊಳಗವನ್ನೇ ಪ್ರಶ್ನೆ ಮಾಡುತ್ತಿದ್ದರು! ಹಾಗಂತ ಮೈಸೂರೇನು ಸ್ವರ್ಗವಾಗಿರಲಿಲ್ಲ. ಅವತ್ತು ಹಿಂದುಳಿದವರು ಅಂತ ಕರೆಸಿಕೊಂಡವರಲ್ಲಿ ಉಳ್ಳವರೂ ಇದ್ದರು, ನಮ್ಮವರು ಆ ಸಾಲಿನ ಕಟ್ಟಕಡೆಯಲ್ಲಿದ್ದರು.

1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆಯಿತು. ನಡೆಸಿದವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ, ಮನೆಯಲ್ಲೇ ರೇಡಿಯೋ ಕೇಂದ್ರ ಇಟ್ಟು ಅದಕ್ಕೆ ಆಕಾಶವಾಣಿ ಅಂತ ಹೆಸರು ಬರುವಂತೆ ಮಾಡಿದವರು ಇವರೇ. ಬಿನೆಯ ಪಟ್ಟಿ ಕನ್ನಡಕ್ಕೆ ಸರಿಯಾಗಿ ಬಂದದ್ದು ವಿ.ವಿ. ಕಾಮತರಿಂದ. ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗಾಗಿ ಅವರು ತಿದ್ದಿದ ಪರೀಕ್ಷೆಯ ವಿವರ 1934ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಬಂತು, 1940ರಲ್ಲಿ ಪುಸ್ತಕವಾಯಿತು. ಬಿನೆ-ಕಾಮತ್ ಪರೀಕ್ಷೆ ಅಂತ ಹೆಸರು. ದಶಕಗಟ್ಟಲೆ ನಮ್ಮ ಮಕ್ಕಳಿಗೆ ಮಂದಬುದ್ಧಿ ಇದೆಯೋ ಇಲ್ಲವೋ ಅಂತ ಬರೆದುಕೊಟ್ಟದ್ದು ಇದರ ಮೇಲೆಯೇ. ಕಾಮತರು ಮಾಡಿದ್ದು ಪ್ರಾಮಾಣಿಕ ಕೆಲಸ. ಪರದೇಶದ ಪ್ರಶ್ನೆಯನ್ನು ಬರೀ ಅನುವಾದ ಮಾಡಿದರೆ ಸಾಲದು, ಇಲ್ಲಿನ ಮಕ್ಕಳ ಮೇಲೆ ಇಟ್ಟು ನೋಡಬೇಕು ಅಂತ ತಿಳಿದಿದ್ದವರು ಅವರು. ನನ್ನ ಪ್ರಶ್ನೆ ಬೇರೆ. 1930ರ ದಶಕದಲ್ಲಿ ಶಾಲೆಯ ಒಳಗೆ ಕೂತಿದ್ದ ಮಕ್ಕಳು ಯಾರು, ಜಗಲಿಯ ಮೇಲೆ ಕೂತಿದ್ದವರು ಯಾರು, ಬೇಲಿಯಾಚೆ ದನ ಕಾಯುತ್ತಾ ನಿಂತಿದ್ದವರು ಯಾರು? ಶಾಲೆಯ ಒಳಗಿನ ಸರಾಸರಿಗೆ ಹೊರಗಿನವನನ್ನು ತೂಗಿದರೆ ಏನು ಸಿಗುತ್ತದೆ?

ಇಂಗ್ಲೆಂಡಿನ ಸಿರಿಲ್ ಬರ್ಟ್ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಸರ್ ಪದವಿ ಪಡೆದ ದೊಡ್ಡ ಮನುಷ್ಯ. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿ ಮಕ್ಕಳ ಬುದ್ಧಿ ಒಂದೇ ಸಮ ಇರುತ್ತದೆ, ಆದ್ದರಿಂದ ಬುದ್ಧಿ ಹುಟ್ಟಿನದು ಅಂತ ಸಾಧಿಸಿದ್ದ. 1955ರಲ್ಲಿ 21 ಜೋಡಿ, 1966ರಲ್ಲಿ 53 ಜೋಡಿ. ಜೋಡಿಗಳು ಹೆಚ್ಚಾದರೂ ಸಾಮ್ಯದ ಅಂಕಿ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡದೆ 0.771 ಅಂತಲೇ ಕೂತಿತ್ತು. 1974ರಲ್ಲಿ ಲಿಯಾನ್ ಕಾಮಿನ್ ಇದನ್ನು ಎತ್ತಿ ತೋರಿಸಿದ. 1979ರಲ್ಲಿ ಬರ್ಟ್‌ನ ಜೀವನಚರಿತ್ರೆ ಬರೆಯಲು ಹೊರಟ, ಅವನ ಮೇಲೆ ಗೌರವವೇ ಇದ್ದ ಹರ್ನ್‌ಶಾ ಕೂಡ ಇದು ಕಟ್ಟಿದ ಲೆಕ್ಕ ಅಂತಲೇ ಬರೆಯಬೇಕಾಯಿತು. ಅವನ ಪರ ವಾದಿಸಿದವರೂ ಆಮೇಲೆ ಬಂದರು, ಅದಿರಲಿ. ನನಗೆ ಆಶ್ಚರ್ಯವಾಗೋದು, ಅಷ್ಟು ವರ್ಷ ಅಷ್ಟು ಜನ ಪಂಡಿತರು ಆ ಅಂಕಿಯನ್ನು ನೋಡಿಯೂ ನೋಡದೆ ಹೋದದ್ದು. ಬೇಕಾದ ಲೆಕ್ಕವನ್ನು ಯಾರೂ ಮರಳಿ ಕೂಡಿಸಿ ನೋಡೋದಿಲ್ಲ. ಅದೇ 1979ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕೋರ್ಟು, ಕಪ್ಪು ಮಕ್ಕಳನ್ನು ಐ.ಕ್ಯೂ. ನೋಡಿ ಮಂದಮತಿಗಳ ತರಗತಿಗೆ ತಳ್ಳೋದು ತಪ್ಪು ಅಂತ ತೀರ್ಪು ಕೊಟ್ಟಿತು. ಆ ರಾಜ್ಯದ ಮಕ್ಕಳಲ್ಲಿ ಹತ್ತರಲ್ಲೊಬ್ಬರು ಕಪ್ಪು ಮಕ್ಕಳು, ಆ ತರಗತಿಗಳಲ್ಲಿ ನಾಲ್ವರಲ್ಲೊಬ್ಬರು.

ಈಗ ನನಗೆ ಬಹಳ ಇಷ್ಟವಾದ ಭಾಗ. 1931, 32ರಲ್ಲಿ ರಷ್ಯಾದ ಅಲೆಕ್ಸಾಂಡರ್ ಲೂರಿಯಾ ಉಜ್ಬೇಕಿಸ್ತಾನದ ರೈತರ ಹತ್ತಿರ ಹೋದ. ದೂರದ ಉತ್ತರದಲ್ಲಿ, ಹಿಮ ಬೀಳುವ ಕಡೆ, ಎಲ್ಲ ಕರಡಿಗಳೂ ಬಿಳಿ. ನೊವಾಯಾ ಜೆಮ್ಲಿಯಾ ಇರೋದು ದೂರದ ಉತ್ತರದಲ್ಲಿ. ಅಲ್ಲಿನ ಕರಡಿಯ ಬಣ್ಣ ಯಾವುದು? ಶಾಲೆ ಕಾಣದ ರೈತ ಹೇಳಿದ: ನಾನು ಅಲ್ಲಿಗೆ ಹೋಗಿಲ್ಲ, ಕಾಣದ್ದನ್ನು ಹೇಗೆ ಹೇಳಲಿ, ಹೋಗಿ ಬಂದವರನ್ನು ಕೇಳಿ. ಲೂರಿಯಾ ಸಹೃದಯಿ, ಆದರೂ ಅವನ ಲೆಕ್ಕದಲ್ಲಿ ಇದು ಇನ್ನೂ ಅಮೂರ್ತಕ್ಕೆ ಏರದ ಮನಸ್ಸು. ನಾನು ಇದನ್ನು ಅವ್ವನಿಗೆ ಕೇಳಿದೆ. ಅವಳು ನನ್ನನ್ನೇ ಒಂದು ಥರ ನೋಡಿ, "ನೀನೇ ಯೋಳ್ತಿದ್ದೀಯಲ್ಲ ಬಿಳಿ ಅಂತ, ನನ್ನ್ಯಾಕ್ ಕೇಳೀಯೆ?" ಅಂದಳು.

ನಾಲ್ಕು ದಶಕದ ಮೇಲೆ ಆಫ್ರಿಕದ ಲೈಬೀರಿಯಾದಲ್ಲಿ ಅಮೆರಿಕದ ಸಂಶೋಧಕರು ಕ್ಪೆಲೆ ಅನ್ನುವ ಬೇಸಾಯದ ಜನರ ಮುಂದೆ 20 ವಸ್ತುಗಳನ್ನು ಹರಡಿ, ಒಂದಕ್ಕೊಂದು ಸೇರುವಂಥವನ್ನು ಒಟ್ಟಿಗೆ ಇಡಿ ಅಂದರು. ಆಹಾರ ಒಂದು ಕಡೆ, ಹತಾರ ಒಂದು ಕಡೆ ಇಟ್ಟರೆ ಅದು ಬುದ್ಧಿವಂತಿಕೆ. ಇವರು ಕಿತ್ತಳೆಯ ಜೊತೆ ಚಾಕು, ಗೆಡ್ಡೆಯ ಜೊತೆ ಗುದ್ದಲಿ ಇಟ್ಟರು. ಚಾಕು ಹಣ್ಣು ಕೊಯ್ಯುತ್ತದಲ್ಲ! ಬುದ್ಧಿವಂತ ಇಡೋದೇ ಹೀಗೆ ಅಂದರು. ಸಂಶೋಧಕನಿಗೆ ಸಾಕಾಯಿತು. ಹಾಗಾದರೆ ದಡ್ಡ ಹೇಗೆ ಇಡುತ್ತಾನೆ ಅಂತ ಕೇಳಿದ. ಕೂಡಲೇ ಆಹಾರವೆಲ್ಲ ಒಂದು ಕಡೆ, ಹತಾರವೆಲ್ಲ ಒಂದು ಕಡೆ ನೀಟಾಗಿ ಜೋಡಿಸಿ ತೋರಿಸಿದರು. ಜೋಸೆಫ್ ಗ್ಲಿಕ್ 1975ರಲ್ಲಿ ಇದನ್ನು ಬರೆದ. ಈ ಸಂಗತಿಯನ್ನು ನಾನು ಬಸ್ಸಿನಲ್ಲಿ ಕೂತು ಓದಿ ಒಬ್ಬನೇ ನಕ್ಕೆ, ಪಕ್ಕದವರು ತಿರುಗಿ ನೋಡಿದರು. ಆ ಮೊದಲು ಇಂಥ ಎಷ್ಟು ಜನರನ್ನು ಎರಡನೇ ಪ್ರಶ್ನೆ ಕೇಳದೆಯೇ ದಡ್ಡರ ಪಟ್ಟಿಗೆ ಸೇರಿಸಿದರೋ.

ನಾನು ಐದನೇ ಕ್ಲಾಸಿನಿಂದ ಭಾನುವಾರದ ಸಂತೆಯಲ್ಲಿ ಅವ್ವನ ಜೊತೆ ಸೊಪ್ಪು ಮಾರುತ್ತಿದ್ದೆ. ಕೊತ್ತಂಬರಿ ಕಟ್ಟು ಮೂರಕ್ಕೆ ಹತ್ತು, ದಂಟು ಕಟ್ಟು ಏಳು ರೂಪಾಯಿ, ಗಿರಾಕಿ ನೂರರ ನೋಟು ಚಾಚಿದರೆ ಚಿಲ್ಲರೆ ಎಣಿಸಿ ಕೊಡೋದು ನಾನೇ. ಒಂದು ದಿನವೂ ಲೆಕ್ಕ ತಪ್ಪಲಿಲ್ಲ. ತಪ್ಪಿದ್ದರೆ ಬೆನ್ನ ಮೇಲೆ ಬೀಳುತ್ತಿತ್ತು. ಸೋಮವಾರ ಶಾಲೆಯಲ್ಲಿ ಭಾಗಾಕಾರ ಹಾಕಿದರೆ ಸ್ಲೇಟು ಖಾಲಿ. ಮೇಷ್ಟ್ರು "ನಿಮ್ಮ ಪೈಕಿಗೆ ಲೆಕ್ಕ ಹತ್ತಲ್ಲ ಕಣೋ, ಹೋಗಿ ಎಮ್ಮೆ ಕಾಯಿ" ಅನ್ನುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ. ಸಂತೆಯಲ್ಲಿ ಮಾಡುತ್ತಿದ್ದದ್ದೂ ಲೆಕ್ಕವೇ ಅಂತ ನನಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ.

ಬ್ರೆಜಿಲ್ ದೇಶದ ರೆಸಿಫೆ ಊರಿನಲ್ಲಿ ಟೆರೆಜಿನ್ಯಾ ಕರಾಯೆರ್, ಡೇವಿಡ್ ಕರಾಯೆರ್, ಅನಲೂಸಿಯಾ ಶ್ಲೀಮನ್ ಅನ್ನುವ ಮೂವರಿಗೆ ಇದು ಹೊಳೆಯಿತು. ಬೀದಿಯಲ್ಲಿ ವ್ಯಾಪಾರ ಮಾಡುವ ಐವರು ಮಕ್ಕಳ ಹತ್ತಿರ ಗಿರಾಕಿಗಳ ಹಾಗೆ ಹೋಗಿ ಕೊಂಡರು. ಎಳನೀರಿನ ಕಾಯಿ ಒಂದಕ್ಕೆ 35, ಹತ್ತು ಕಾಯಿಗೆ ಎಷ್ಟು? 12 ವರ್ಷದ ಹುಡುಗ, ಮೂರಕ್ಕೆ 105, ಇನ್ನೂ ಮೂರು ಸೇರಿದರೆ 210, ಇನ್ನೂ ನಾಲ್ಕು ಬೇಕು, 315, 350 ಅಂತ ಬಾಯಲ್ಲೇ ಮುಗಿಸಿದ. ಹತ್ತರಿಂದ ಗುಣಿಸಿದರೆ ಸೊನ್ನೆ ಹಾಕೋದು ಅನ್ನುವ ಶಾಲೆಯ ದಾರಿ ಅವನದಲ್ಲ. ಬೀದಿಯಲ್ಲಿ ಆ ಮಕ್ಕಳ ಲೆಕ್ಕ ನೂರಕ್ಕೆ 98 ಸರಿ. ಅದೇ ಲೆಕ್ಕವನ್ನು ಕಾಗದದ ಮೇಲೆ ಬರೀ ಅಂಕಿಗಳಾಗಿ ಕೊಟ್ಟಾಗ ನೂರಕ್ಕೆ 37. ಇದು 1985ರಲ್ಲಿ ಅಚ್ಚಾಯಿತು. ಐದೇ ಮಕ್ಕಳು ಅಂತ ಮೂಗು ಮುರಿದವರಿಗೆ ಉತ್ತರ ಬರೋದಕ್ಕೆ ನಲವತ್ತು ವರ್ಷ ಹಿಡಿಯಿತು.

2025ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕೆ ಮತ್ತು ಜೊತೆಗಾರರ ಅಧ್ಯಯನ ಬಂತು. ಈ ಸಲ ಕಲ್ಕತ್ತಾ, ದೆಹಲಿಯ ಮಾರ್ಕೆಟ್ಟುಗಳು, ಅಲ್ಲಿ ದುಡಿಯುವ 1436 ಮಕ್ಕಳು. ಕಿಲೋಗೆ 20 ರೂಪಾಯಿಯ ಆಲೂಗಡ್ಡೆ 800 ಗ್ರಾಂ, 15 ರೂಪಾಯಿಯ ಈರುಳ್ಳಿ 1 ಕಿಲೋ 400 ಗ್ರಾಂ. 37 ಆಯಿತು. ಇನ್ನೂರರ ನೋಟಿಗೆ ಎಷ್ಟು ವಾಪಸ್ಸು? ಹೆಚ್ಚು ಕಡಿಮೆ ಎಲ್ಲ ಮಕ್ಕಳೂ ಹೇಳಿದರು. ಬಾಯಿಪಾಠ ಇರಬಹುದು, ಪಕ್ಕದವರು ಹೇಳಿಕೊಟ್ಟಿರಬಹುದು ಅನ್ನುವ ಅನುಮಾನಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ ತಳ್ಳಿಹಾಕಿದರು. ಅದೇ ಮಕ್ಕಳಿಗೆ ಕಾಗದದಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಿ ಅಂದರೆ ಮೂರರಲ್ಲೊಂದು ಪಾಲಿನವರಿಗೆ ಮಾತ್ರ ಬಂತು. ನನಗೆ ಇಲ್ಲಿಯವರೆಗೆ ಹೊಸದೇನೂ ಅನ್ನಿಸಲಿಲ್ಲ. ಹೊಸದು ಮುಂದಿನದು. ಹತ್ತಿರದ ಶಾಲೆಗಳ, ವ್ಯಾಪಾರ ಗೊತ್ತಿಲ್ಲದ 471 ಮಕ್ಕಳನ್ನೂ ಕೂರಿಸಿ ಕೇಳಿದರು. ಸಣ್ಣಪುಟ್ಟ ಕಾಗದದ ಲೆಕ್ಕದಲ್ಲಿ ಅವರೇ ಮುಂದೆ. ಆದರೆ ದುಡಿಯುವ ಮಕ್ಕಳಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಜನ ಬಿಡಿಸಿದ ಒಂದು ಮಾರ್ಕೆಟ್ ಲೆಕ್ಕವನ್ನು ಶಾಲೆಯ ಮಕ್ಕಳಲ್ಲಿ ನೂರಕ್ಕೆ ಒಬ್ಬರು ಮಾತ್ರ ಬಿಡಿಸಿದರು. ಹಾಗಾದರೆ ದಡ್ಡರು ಯಾರು ಅಂತ ಕೇಳಬೇಡಿ. ಎರಡು ಕಡೆಯ ಮಕ್ಕಳಿಗೂ ಅರ್ಧ ಬಾಗಿಲು ಮುಚ್ಚಿದೆ. ಶಾಲೆಯ ಬಾಗಿಲು ಮುಚ್ಚಿದವನಿಗೆ ಮಾತ್ರ ಇಂಜಿನಿಯರು, ತಹಸೀಲ್ದಾರ ಆಗುವ ದಾರಿ ಇಲ್ಲ ಅನ್ನೋದನ್ನೂ ಮರೆಯಬೇಡಿ. ಸಂತೆಯ ಲೆಕ್ಕವನ್ನು ಹೊಗಳಿ ಮಕ್ಕಳನ್ನು ಸಂತೆಯಲ್ಲೇ ಬಿಡುವ ಜಾಣರೂ ಇದ್ದಾರೆ.

ವಿಜ್ಞಾನಿಗಳು ಈಗೀಗ ತಮ್ಮ ಕೊಳಗವನ್ನು ತಾವೇ ತಿರುವಿ ನೋಡಿಕೊಳ್ಳುತ್ತಿದ್ದಾರೆ ಅನ್ನೋದೂ ನಿಜ. ದೊಡ್ಡ ಮನಶ್ಶಾಸ್ತ್ರ ಪತ್ರಿಕೆಗಳಲ್ಲಿ ಪರೀಕ್ಷೆಗೆ ಕೂತವರಲ್ಲಿ ನೂರಕ್ಕೆ 96 ಮಂದಿ ಜಗತ್ತಿನ ಜನಸಂಖ್ಯೆಯ 12 ಪಾಲು ಮಾತ್ರ ಇರುವ ಶ್ರೀಮಂತ ದೇಶಗಳವರು ಅಂತ 2008ರಲ್ಲಿ ಲೆಕ್ಕ ಹಾಕಿದರು. 'ಮನುಷ್ಯನ ಮನಸ್ಸು' ಅಂತ ಪಠ್ಯದಲ್ಲಿ ನಾವು ಓದಿದ್ದು ಬಹುಪಾಲು ಅವರ ಕಾಲೇಜು ಹುಡುಗರ ಮನಸ್ಸು. 2015ರಲ್ಲಿ ಹಳೆಯ 100 ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ ನಿಂತದ್ದು ಹೆಚ್ಚು ಕಡಿಮೆ ಮೂರರಲ್ಲೊಂದು ಪಾಲು. ಆದ್ದರಿಂದ ಈಗ ಹೇಳುವ ಕೊನೆಯ ಪ್ರಯೋಗವನ್ನೂ ವೇದವಾಕ್ಯ ಅಂತ ತಗೋಬೇಡಿ. ಇಂಥ ಎಷ್ಟೋ ಫಲಿತಾಂಶಗಳು ದೊಡ್ಡ ಗುಂಪಿನಲ್ಲಿ ಮತ್ತೆ ನೋಡಿದಾಗ ಸೊರಗಿದ್ದುಂಟು. ಅಷ್ಟು ಎಚ್ಚರ ಇಟ್ಟುಕೊಂಡೇ ಹೇಳುತ್ತೇನೆ.

ಉತ್ತರಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಆರನೇ, ಏಳನೇ ತರಗತಿಯ 642 ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಚಕ್ರವ್ಯೂಹಗಳನ್ನು ಕೊಟ್ಟರು. ಅರ್ಧ ಮೇಲ್ಜಾತಿಯವರು, ಅರ್ಧ ಚಮ್ಮಾರ ಹುಡುಗರು. ಬಿಡಿಸಿದ ಒಂದೊಂದಕ್ಕೂ ದುಡ್ಡು. ಯಾರದು ಯಾವ ಜಾತಿ ಅಂತ ಬಾಯಿ ಬಿಡದೆ ಕೂರಿಸಿದಾಗ ಎರಡು ಕಡೆಯವರೂ ಸರಿಸಮ. ಇನ್ನೊಂದು ಗುಂಪಿನಲ್ಲಿ ಶುರು ಮಾಡುವ ಮುಂಚೆ ಎಲ್ಲರೆದುರು ಹುಡುಗನ ಹೆಸರು, ಊರು, ಅಪ್ಪನ ಹೆಸರು, ಅಜ್ಜನ ಹೆಸರು, ಜಾತಿ ಇಷ್ಟನ್ನೂ ಓದಿದರು. ಚಮ್ಮಾರ ಹುಡುಗರು ಬಿಡಿಸಿದ ಚಕ್ರವ್ಯೂಹಗಳು ಸುಮಾರು ಐದರಲ್ಲೊಂದು ಪಾಲು ಇಳಿದುಹೋದವು. ತಲೆ ಅದೇ, ಕೈ ಅದೇ, ಕಾಗದ ಅದೇ. 2006ರಲ್ಲಿ ಇದು ಅಚ್ಚಾಯಿತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸ್ಕಾಲರ್‌ಶಿಪ್ ಫಾರಂ ಬಂದ ದಿನ ಮೇಷ್ಟ್ರು ಒಳಗೆ ಬರುತ್ತಲೇ "ಎಸ್ಸಿ ಎಸ್ಟಿಯೋರೆಲ್ಲ ಎದ್ ನಿಂತ್ಕಳಿ" ಅಂದರು. ಆರು ಜನ ಎದ್ದು ನಿಂತೆವು. ಒಬ್ಬೊಬ್ಬರ ಅಪ್ಪನ ಹೆಸರು, ಜಾತಿ ಎಲ್ಲಾ ಗಟ್ಟಿಯಾಗಿ ಕೇಳಿ ಬರೆದುಕೊಂಡರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಈ ಮೇಷ್ಟ್ರು ಕೆಟ್ಟವರಲ್ಲ. ಫಾರಂ ತಡವಾದರೆ ನಮಗೇ ದುಡ್ಡು ತಪ್ಪುತ್ತದೆ ಅಂತ ಅವಸರ ಮಾಡಿದ್ದರು. ಬರೆದು ಮುಗಿದ ಮೇಲೆ ಕೂತ್ಕಳಿ ಅಂದರು. ಆಮೇಲೆ ಬೋರ್ಡಿನ ಕಡೆ ತಿರುಗಿ ಲೆಕ್ಕ ಬರೆಯೋದಕ್ಕೆ ಶುರು ಮಾಡಿದರು.